ಯಾರೂ ಆರ್ಡರ್ ಮಾಡಲೇ ಇಲ್ಲ

ನೀವು ಕೇಳಿದ್ದು ಇದು: "ಡಾಕ್ಟರಾಗಲಿ, ಸೈನಿಕನಾಗಲಿ, ರೈತನಾಗಲಿ, ತಪ್ಪು ಅಂತ ಗೊತ್ತಿದ್ದೂ ಮೇಲಿನವರು ಹೇಳಿದ್ದನ್ನು ಯಾಕೆ ಮಾಡ್ತಾರೆ? ಆಗಲ್ಲ ಅನ್ನೋದು ಅಷ್ಟು ಕಷ್ಟವಾ?" ನಾನು ಡಾಕ್ಟರು. ಅಂಥ ತಪ್ಪು ಮಾಡಿದವನು ಕೂಡ. ಅದಕ್ಕೇ ಉತ್ತರ ಬರೆಯಲು ಕೂತೆ.

"ಮೇಲಿನವರು ಹೇಳಿದ್ದನ್ನು" ಅಂದಿರಲ್ಲ, ಅಲ್ಲೇ ಒಂದು ತಿದ್ದುಪಡಿ. ನನಗೆ ಯಾರೂ ಏನೂ ಹೇಳಲೇ ಇಲ್ಲ.

ಆಗ ಕೆಲಸಕ್ಕೆ ಸೇರಿದ ಹೊಸತು. ಸೋಮವಾರ ಬಂದರೆ ಮೀಟಿಂಗ್. ಪರದೆ ಮೇಲೆ ಒಂದು ಎಕ್ಸೆಲ್ ಶೀಟು: ಡಾಕ್ಟರ ಹೆಸರು, ನೋಡಿದ ಪೇಷಂಟ್ ಎಷ್ಟು, ಅಡ್ಮಿಟ್ ಎಷ್ಟು, ಸ್ಕ್ಯಾನ್ ಎಷ್ಟು. ಕಡಿಮೆ ಇದ್ದವರ ಸಾಲಿಗೆ ಕೆಂಪು ಬಣ್ಣ. ನನ್ನದು ಸತತ ಮೂರು ವಾರ ಕೆಂಪು. ಮ್ಯಾನೇಜರ್ ಬೈಯಲಿಲ್ಲ. ಹೆಗಲ ಮೇಲೆ ಕೈ ಇಟ್ಟು, "ಡಾಕ್ಟ್ರೇ, ನಿಮ್ಮ ಟ್ರೀಟ್‌ಮೆಂಟ್ ಬಗ್ಗೆ ಎರಡು ಮಾತಿಲ್ಲ. ಸ್ವಲ್ಪ ನಂಬರ್ ಕಡೆನೂ ನೋಡ್ಕೊಳ್ಳಿ" ಅಂದರು. ಇದರಲ್ಲಿ ಆರ್ಡರ್ ಎಲ್ಲಿದೆ, ಹುಡುಕಿ ನೋಡೋಣ.

ನಾಲ್ಕನೇ ವಾರ ತಲೆನೋವು ಅಂತ ಒಬ್ಬರು ಬಂದರು. ಕೇಳಬೇಕಾದ್ದೆಲ್ಲ ಕೇಳಿದೆ. ಕಣ್ಣಿಗೆ ಟಾರ್ಚ್ ಹಾಕಿದೆ, ಕೈಕಾಲಿನ ಬಲ ನೋಡಿದೆ. ನಿದ್ದೆಗೆಟ್ಟು ಬಂದ ತಲೆನೋವು, ಮಾತ್ರೆ ಕೊಟ್ಟು ಕಳಿಸುವ ಕೇಸು. ಆದರೂ ಕೈ ಸಿಟಿ ಸ್ಕ್ಯಾನ್ ಅಂತ ಬರೆದುಬಿಟ್ಟಿತು. "ಏನೂ ಇರಲ್ಲ, ಸುಮ್ನೆ ಒಂದ್ಸಲ ನೋಡಿಬಿಡೋಣ" ಅಂದೆ. ಸಂಜೆ ರಿಪೋರ್ಟ್ ನಾರ್ಮಲ್ ಬಂತು. ಅವರು ಎರಡೂ ಕೈ ಮುಗಿದು, "ನೀವು ಮಾಡಿಸಿದ್ದು ಒಳ್ಳೇದಾಯ್ತು ಸಾರ್, ಈಗ ಧೈರ್ಯ ಬಂತು" ಅಂದರು. ಬೈದು ಹೋಗಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ಕೈ ಮುಗಿದದ್ದು ಮಾತ್ರ ಇವತ್ತಿಗೂ ಚುಚ್ಚುತ್ತೆ. ಆ ವಾರ ಅವರೊಬ್ಬರೇ ಅಲ್ಲ. ಮುಂದಿನ ಸೋಮವಾರ ನನ್ನ ಸಾಲು ಕೆಂಪಾಗಿರಲಿಲ್ಲ.

ಆಂಡ್ರ್ಯೂ ಜೇಮ್ಟನ್ ಅನ್ನುವವರು 1984ರಲ್ಲಿ ನರ್ಸ್‌ಗಳ ಕೆಲಸದ ಬಗ್ಗೆ ಬರೆಯುತ್ತಾ ಇದಕ್ಕೊಂದು ಹೆಸರಿಟ್ಟರು: ಮಾರಲ್ ಡಿಸ್ಟ್ರೆಸ್. ಸರಿ ಯಾವುದು ಅಂತ ಗೊತ್ತು, ಆದರೆ ಕೆಲಸ ಮಾಡುವ ಜಾಗ ಅದನ್ನು ಮಾಡಲು ಬಿಡಲ್ಲ. ನರ್ಸ್‌ಗಳಿಂದ ಶುರು ಮಾಡಿದ್ದು ಸರಿಯಾಗೇ ಇದೆ. ನಾವು ಬರೆದು ಹೋಗಿಬಿಡುತ್ತೇವೆ, ಸೂಜಿ ಚುಚ್ಚುವವರು ಅವರು.

ಸೈನ್ಯದಲ್ಲಿ ಕಾಗದದ ಮೇಲಾದರೂ ಎಲ್ಲ ಸ್ಪಷ್ಟ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗಳ ನಂತರ 1950ರಲ್ಲಿ ವಿಶ್ವಸಂಸ್ಥೆಯ ಕಾನೂನು ಆಯೋಗ ಬರೆದಿಟ್ಟಿತು: ಮೇಲಧಿಕಾರಿ ಹೇಳಿದ ಅಂದ ಮಾತ್ರಕ್ಕೆ ತಪ್ಪಿನಿಂದ ಪಾರಾಗಲು ಆಗಲ್ಲ, ಬೇರೆ ದಾರಿ ಹಿಡಿಯಲು ಅವನಿಗೆ ನಿಜವಾಗಿ ಸಾಧ್ಯವಿದ್ದರೆ. ಆ ಕೊನೆಯ ತುಂಡಿನಲ್ಲೇ ಇಡೀ ಪ್ರಶ್ನೆ ಸಿಕ್ಕಿಹಾಕಿಕೊಂಡಿದೆ ಅಲ್ವಾ? ಸಾಧ್ಯವಿತ್ತು ಅಂತ ಹೇಳುವವರು ಯಾರು?

1968ರ ಮಾರ್ಚ್ 16, ವಿಯೆಟ್ನಾಮಿನ ಮೈ ಲಾಯ್. ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು ಅನ್ನದೆ ಕೊಲ್ಲುತ್ತಿದ್ದರು. ಅದೇ ಸೈನ್ಯದ ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಮೇಲಿನಿಂದ ಇದನ್ನು ನೋಡಿದ. ತನ್ನವರಿಗೂ ಹಳ್ಳಿಯವರಿಗೂ ಮಧ್ಯೆ ಹೆಲಿಕಾಪ್ಟರ್ ಇಳಿಸಿದ. ನಮ್ಮವರೇ ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ ಅಂತ ಜೊತೆಗಿದ್ದ ಇಬ್ಬರಿಗೆ ಹೇಳಿದ. ಒಂದಷ್ಟು ಜೀವ ಉಳಿಯಿತು. ಆಮೇಲೆ ಅವನಿಗೆ ಬಂದದ್ದು ಕೊಲೆ ಬೆದರಿಕೆ. ಆ ಕೆಲಸಕ್ಕೆ ಸರಿಯಾದ ಪದಕ ಸಿಕ್ಕಿದ್ದು 1998ರಲ್ಲಿ, 30 ವರ್ಷ ಕಳೆದ ಮೇಲೆ. ಅವನ ಧೈರ್ಯದ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಕಾಣುವುದು ಅವನಿದ್ದ ಜಾಗ. ಅವನು ಕೆಳಗಿನ ಸಾಲಿನಲ್ಲಿ ನಿಂತಿರಲಿಲ್ಲ. ಆ ಸಾಲಿನಲ್ಲಿ ನಿಂತೂ ಗುಂಡು ಹಾರಿಸದ ಕೆಲವರಿದ್ದರು. ಅವರು ತಾವು ಕೊಲ್ಲಲಿಲ್ಲ, ಆದರೆ ಪಕ್ಕದವರನ್ನು ತಡೆಯಲೂ ಇಲ್ಲ.

ಒತ್ತಡ ಮೇಲಿನಿಂದಷ್ಟೇ ಬರುತ್ತೆ ಅಂತಲೂ ಅಂದುಕೊಳ್ಳಬೇಡಿ. ಫ್ರಾನ್ಜ್ ಯೇಗರ್‌ಸ್ಟೆಟರ್ ಆಸ್ಟ್ರಿಯಾದ ಒಬ್ಬ ರೈತ. ಹಿಟ್ಲರನಿಗಾಗಿ ಬಂದೂಕು ಹಿಡಿಯಲ್ಲ, ಬೇಕಾದರೆ ಗಾಯಾಳುಗಳ ಸೇವೆ ಮಾಡ್ತೀನಿ ಅಂದ. ಊರವರು, ಪಾದ್ರಿ, ಬಿಷಪ್ ಕೂಡ, ಹೆಂಡತಿ ಮಕ್ಕಳ ಮುಖ ನೋಡಪ್ಪ ಅಂದರು. ಮೂರು ಹೆಣ್ಣುಮಕ್ಕಳಿದ್ದರು. 1943ರ ಆಗಸ್ಟ್‌ನಲ್ಲಿ ತಲೆ ಕಡಿದರು. ಅವನ ಕಥೆ ಓದಿದರೆ ನನಗೆ ಸ್ಫೂರ್ತಿ ಬರಲ್ಲ, ಹೆದರಿಕೆ ಬರುತ್ತೆ. ಊರವರು ಆಡಿದ್ದು ಕೆಟ್ಟ ಮಾತೇನಲ್ಲ. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಇನ್ನು ಇವತ್ತಿನ ರೈತ. ಮೂವರಲ್ಲಿ ಇವನ ಸ್ಥಿತಿಯೇ ಕಷ್ಟ ಅಂತ ನನ್ನ ಅನಿಸಿಕೆ, ಯಾಕಂದರೆ ಇವನಿಗೆ ಬಾಸ್ ಅನ್ನುವವನೇ ಇಲ್ಲ. ಕಾಂಟ್ರಾಕ್ಟ್ ಕೋಳಿ ಸಾಕಣೆ ನೋಡಿ. ಮರಿ ಕಂಪನಿದು, ಫೀಡ್ ಕಂಪನಿದು, ಔಷಧಿನೂ ಕಂಪನಿದು. ಶೆಡ್ಡು ರೈತಂದು, ಶೆಡ್ಡಿನ ಸಾಲ ರೈತಂದು, ಸತ್ತ ಕೋಳಿ ಹೂಳುವ ಕೆಲಸ ರೈತಂದು. ಇಷ್ಟು ಒತ್ತೊತ್ತಾಗಿ ತುಂಬಲ್ಲ, ಈ ಔಷಧಿ ಹಾಕಲ್ಲ ಅಂದರೆ ಯಾರೂ ಶಿಕ್ಷೆ ಕೊಡಲ್ಲ. ಮುಂದಿನ ಬ್ಯಾಚ್ ಮರಿ ಬರಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರುತ್ತೆ.

ಬೇಗ ತೂಕ ಬರಲಿ ಅಂತ ಮೇವಿನಲ್ಲಿ ಚೂರುಚೂರು ಆಂಟಿಬಯಾಟಿಕ್ ಬೆರೆಸುವುದು ಬಹಳ ದೇಶಗಳಲ್ಲಿ ನಡೆದು ಬಂದದ್ದು. ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಂಡರೆ ವಾರ್ಡಿನಲ್ಲಿ ನಮ್ಮ ಔಷಧಿ ನಾಟಲ್ಲ. ಸ್ವೀಡನ್ನಿನ ರೈತರ ಒಕ್ಕೂಟ 1980ರ ದಶಕದ ಮೊದಲ ಭಾಗದಲ್ಲಿ, ಇದನ್ನು ನಿಲ್ಲಿಸಿ ಅಂತ ತಾನಾಗೇ ಸರ್ಕಾರವನ್ನು ಕೇಳಿತು. ಒಬ್ಬನೇ ಬಿಟ್ಟರೆ ಅವನು ಮುಳುಗುತ್ತಾನೆ, ಎಲ್ಲರೂ ಬಿಟ್ಟರೆ ಯಾರೂ ಮುಳುಗಲ್ಲ. 1986ರಲ್ಲಿ ನಿಷೇಧ ಬಂತು. ಶುರುವಿನಲ್ಲಿ ಹಾಲು ಬಿಡಿಸಿದ ಹಂದಿಮರಿಗಳಿಗೆ ಭೇದಿ ಜಾಸ್ತಿಯಾಯಿತು. ಕೊಟ್ಟಿಗೆ, ಮೇವು, ಹಾಲು ಬಿಡಿಸುವ ವಯಸ್ಸು ಎಲ್ಲ ಬದಲಿಸಿಕೊಂಡು ಸುಧಾರಿಸಿದರು. ಇಡೀ ಯುರೋಪಿಯನ್ ಒಕ್ಕೂಟ ಇಲ್ಲಿಗೆ ಬರುವಷ್ಟರಲ್ಲಿ 2006 ಆಗಿತ್ತು.

ನಾನೇನು ಮಾಡಿದೆ ಅಂತ ಕೇಳ್ತೀರಿ. ರಾಜೀನಾಮೆ ಬಿಸಾಕಿ ಬರಲಿಲ್ಲ, ನನಗೂ ಕಂತು ಇತ್ತು. ಸ್ಕ್ಯಾನ್ ಬರೆಯುವಾಗಲೆಲ್ಲ ಯಾಕೆ ಅಂತ ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯತೊಡಗಿದೆ. ಸಾಲು ಹೊಳೆಯದಿದ್ದರೆ ಸ್ಕ್ಯಾನ್ ಇಲ್ಲ. ಮತ್ತೆ ಕೆಂಪಾದೆ. ಆಮೇಲೆ ಇನ್ನಿಬ್ಬರು ಜೊತೆಯಾದರು, ಅವರೂ ಕೆಂಪಾದರು. ಮೂವರೂ ಸೇರಿ, ಪರದೆ ಮೇಲೆ ಹೆಸರು ಹಾಕುವುದಾದರೆ "ಯಾಕೆ" ಅನ್ನುವ ಕಾಲಮ್ಮನ್ನೂ ಹಾಕಿ ಅಂತ ಮೀಟಿಂಗಿನಲ್ಲಿ ಕೇಳಿದೆವು. ಯಾರೂ ಜಗಳ ಮಾಡಲಿಲ್ಲ. ಮುಂದಿನ ಸೋಮವಾರದಿಂದ ಶೀಟು ಪರದೆ ಮೇಲೆ ಬರಲಿಲ್ಲ.

ನಾನು ಆ ಆಸ್ಪತ್ರೆ ಬಿಟ್ಟು ಬಹಳ ದಿನವಾಯಿತು. ಅಲ್ಲೇ ಉಳಿದ ಗೆಳೆಯ ಮೊನ್ನೆ ಸಿಕ್ಕಿದ್ದ. ಶೀಟು ಈಗಲೂ ಇದೆಯಂತೆ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಮೇಲ್‌ನಲ್ಲಿ ಬರುತ್ತಂತೆ. ಪಕ್ಕದವನದು ಕೆಂಪೋ ಅಲ್ಲವೋ ಈಗ ಯಾರಿಗೂ ಗೊತ್ತಾಗಲ್ಲ ಅಂದ.