ಹತ್ತು ವರ್ಷ ಬಾಳುವ ಸ್ಮೋಕ್ ಅಲಾರಂ ಹಾಕಿಸಿದರೆ ಬಾಡಿಗೆ ಮನೆಯ ಮಾಲೀಕರು ಹತ್ತು ವರ್ಷ ಅದನ್ನು ಮರೆತುಬಿಡಬಹುದೇ?

ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ತಮ್ಮ ಮನೆಯನ್ನು ಮೊದಲ ಬಾರಿಗೆ ಬಾಡಿಗೆಗೆ ಕೊಡುತ್ತಿರುವುದಾಗಿಯೂ, ಮೇಲಂತಸ್ತಿನಲ್ಲಿ ಮೂರು ಮಲಗುವ ಕೋಣೆಗಳೂ ಕೆಳಗೆ ಗ್ಯಾರೇಜಿನ ಜೊತೆಗೆ ಒಂದು ಟಿ.ವಿ. ಕೋಣೆಯೂ ಇರುವುದಾಗಿಯೂ ತಾವು ಬರೆದಿದ್ದೀರಿ. ಹಜಾರದಲ್ಲಿ ಕರೆಂಟಿಗೆ ಜೋಡಿಸಿರುವ ಹಳೆಯ ಸ್ಮೋಕ್ ಅಲಾರಂ, ಅಂದರೆ ಹೊಗೆ ಬಂದರೆ ಕೂಗಿ ಎಚ್ಚರಿಸುವ ಸಾಧನ, ಒಂದಿದೆ. ಹತ್ತು ವರ್ಷದ ಬ್ಯಾಟರಿ ಇರುವ ಅಲಾರಂಗಳನ್ನು ಹಾಕಿಸಿಬಿಟ್ಟರೆ ಹತ್ತು ವರ್ಷ ಆ ಕಡೆ ನೋಡಬೇಕಾಗಿಲ್ಲವೆಂದು ಸ್ನೇಹಿತರು ಹೇಳಿದ್ದಾರೆ. ಅದು ನಿಜವೇ, ಯಾವುದನ್ನು ಕೊಳ್ಳಬೇಕು ಎಂಬುದು ತಮ್ಮ ಪ್ರಶ್ನೆ.

ಸ್ನೇಹಿತರ ಮಾತು ನಿಜವಲ್ಲ. ನಾನು ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಲೈಸೆನ್ಸ್ ಪಡೆದ ಇಲೆಕ್ಟ್ರಿಷಿಯನ್. ಬ್ರಿಸ್ಬೇನಿನ ದಕ್ಷಿಣ ಭಾಗ ಮತ್ತು ಲೋಗನ್ ಕಡೆಯ ಬಾಡಿಗೆ ಮನೆಗಳಲ್ಲೇ ನನ್ನ ಹೆಚ್ಚಿನ ಕೆಲಸ. ಹತ್ತು ವರ್ಷ ಎಂಬುದು ಆ ಪೆಟ್ಟಿಗೆಯೊಳಗೆ ಭದ್ರಪಡಿಸಿರುವ ಲಿಥಿಯಂ ಬ್ಯಾಟರಿಯ ಆಯಸ್ಸಿನ ಮಾತೇ ಹೊರತು, ಅಷ್ಟೂ ಕಾಲ ಅಲಾರಂ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬ ಭರವಸೆಯಲ್ಲ. ಆ ಲೆಕ್ಕವೂ ತಾವು ಕೊಂಡ ದಿನದಿಂದ ಶುರುವಾಗುವುದಿಲ್ಲ. ಕಾನೂನಿನ ಪ್ರಕಾರ ತಯಾರಾದ ದಿನಾಂಕದಿಂದ ಹತ್ತು ವರ್ಷದೊಳಗೆ ಅಲಾರಂ ಬದಲಾಗಬೇಕು, ಆ ದಿನಾಂಕ ಅದರ ಬೆನ್ನಿನ ಮೇಲೆ ಅಚ್ಚಾಗಿರುತ್ತದೆ. ರಿಯಾಯಿತಿಯಲ್ಲಿ ಸಿಕ್ಕಿತೆಂದು ಗೋದಾಮಿನಲ್ಲಿ ಎರಡು ವರ್ಷ ಕುಳಿತಿದ್ದ ಸರಕನ್ನು ಕೊಂಡವರು ಎಂಟು ವರ್ಷದ ಅಲಾರಂಗೆ ಹತ್ತು ವರ್ಷದ ಬೆಲೆ ಕೊಟ್ಟಿರುತ್ತಾರೆ. ಆದ್ದರಿಂದ ಅಂಗಡಿಯಲ್ಲಿ ಡಬ್ಬಿಯನ್ನು ತಿರುಗಿಸಿ ಮೊದಲು ದಿನಾಂಕವನ್ನು ಓದಿ, ಆಮೇಲೆ ಬೆಲೆಯನ್ನು ನೋಡಿ.

ಈ ಕಟ್ಟುನಿಟ್ಟು ಎಲ್ಲಿಂದ ಬಂತೆಂಬುದನ್ನು ಮಾಲೀಕರಾದವರು ತಿಳಿದಿರಬೇಕೆಂದು ನನ್ನ ಅಭಿಪ್ರಾಯ. 2011ರ ಆಗಸ್ಟ್‌ನಲ್ಲಿ ಲೋಗನ್ ನಗರದ ಸ್ಲ್ಯಾಕ್ಸ್ ಕ್ರೀಕ್‌ನ ಒಂದು ಮನೆಗೆ ರಾತ್ರಿ ಬೆಂಕಿ ಬಿದ್ದು 11 ಮಂದಿ ಸತ್ತರು. ಅವರಲ್ಲಿ ಎಂಟು ಮಂದಿ ಮಕ್ಕಳು. ಆ ಸಾವುಗಳ ವಿಚಾರಣೆ ನಡೆಸಿದ ಕಾರೊನರ್ ಮಾಡಿದ ಶಿಫಾರಸುಗಳ ಮೇಲೆ 2016ರಲ್ಲಿ ಕ್ವೀನ್ಸ್‌ಲ್ಯಾಂಡಿನ ಶಾಸನಸಭೆ ಕಾನೂನನ್ನು ತಿದ್ದಿತು. ಅದು ಹಂತಹಂತವಾಗಿ ಜಾರಿಗೆ ಬಂದಿದೆ: ಹೊಸದಾಗಿ ಕಟ್ಟುವ ಮನೆಗಳಿಗೆ 2017ರ ಜನವರಿ 1ರಿಂದ, ಮಾರುವ ಅಥವಾ ಬಾಡಿಗೆಗೆ ಕೊಡುವ ಮನೆಗಳಿಗೆ 2022ರ ಜನವರಿ 1ರಿಂದ, ಮಾಲೀಕರೇ ವಾಸವಿರುವ ಮನೆಗಳಿಗೆ ಕೊಟ್ಟಿರುವ ಗಡುವು 2027ರ ಜನವರಿ 1. ಇದುವರೆಗೆ ತಾವೇ ವಾಸವಿದ್ದುದರಿಂದ ಹಜಾರದ ಒಂದು ಅಲಾರಂನಲ್ಲಿ ನಡೆದಿರಬಹುದು. ಬಾಡಿಗೆ ಕರಾರಿಗೆ ಸಹಿ ಬೀಳುವ ಹೊತ್ತಿಗೆ ಅದು ಸಾಲದು.

ತಮ್ಮ ಮನೆಗೆ ಒಟ್ಟು ಐದು ಅಲಾರಂ ಬೇಕಾಗುತ್ತದೆ. ಮಲಗುವ ಕೋಣೆಗೊಂದರಂತೆ ಮೂರು, ಆ ಕೋಣೆಗಳನ್ನು ಉಳಿದ ಮನೆಗೆ ಜೋಡಿಸುವ ಹಜಾರದಲ್ಲಿ ಒಂದು, ಕೆಳ ಅಂತಸ್ತಿನಲ್ಲಿ ಜನ ಹೊರಗೆ ಹೋಗುವ ದಾರಿಯಲ್ಲಿ ಒಂದು. ಎಲ್ಲವೂ ಬೆಳಕಿನ ಸಹಾಯದಿಂದ ಹೊಗೆಯನ್ನು ಗುರುತಿಸುವ ಫೋಟೋಎಲೆಕ್ಟ್ರಿಕ್ ಬಗೆಯವೇ ಆಗಿರಬೇಕು, ಎ.ಎಸ್. 3786-2014 ಎಂಬ ಆಸ್ಟ್ರೇಲಿಯಾದ ಮಾನದಂಡಕ್ಕೆ ಒಳಪಟ್ಟಿರಬೇಕು, ಒಂದಕ್ಕೊಂದು ಜೋಡಣೆಯಾಗಿದ್ದು ಒಂದು ಕೂಗಿದರೆ ಐದೂ ಕೂಗಬೇಕು. ಕರೆಂಟಿನ ಅಲಾರಂ ಆಗಲಿ, ಹೊರತೆಗೆಯಲಾಗದ ಹತ್ತು ವರ್ಷದ ಬ್ಯಾಟರಿಯದ್ದಾಗಲಿ, ಎರಡರ ಬೆರಕೆಯಾಗಲಿ ಸರಿಯೇ. ಆದರೆ ಈಗಾಗಲೇ ಕರೆಂಟಿನ ಅಲಾರಂ ಇರುವ ಜಾಗದಲ್ಲಿ ಕರೆಂಟಿನದ್ದನ್ನೇ ಹಾಕಬೇಕು. ತಮ್ಮ ಹಜಾರದ ಹಳೆಯದನ್ನು ಕಿತ್ತು ಅಲ್ಲಿಗೆ ಬ್ಯಾಟರಿಯದ್ದನ್ನು ಅಂಟಿಸಲು ಅವಕಾಶವಿಲ್ಲ. ಆ ಒಂದನ್ನು ಲೈಸೆನ್ಸ್ ಇರುವ ಇಲೆಕ್ಟ್ರಿಷಿಯನ್ ಕೈಯಲ್ಲೇ ಬದಲಾಯಿಸಿಕೊಳ್ಳಬೇಕು, ಉಳಿದ ನಾಲ್ಕನ್ನು ಬ್ಯಾಟರಿಯ ಬಗೆಯಲ್ಲಿ ತಾವೇ ಹಾಕಿಕೊಳ್ಳಬಹುದು.

ಫೋಟೋಎಲೆಕ್ಟ್ರಿಕ್ ಎಂಬುದರ ಮೇಲೆ ಇಷ್ಟೊಂದು ಒತ್ತು ಏಕೆಂದರೆ, ಹಳೆಯ ಮನೆಗಳಲ್ಲಿ ಇನ್ನೂ ಕಾಣಸಿಗುವ ಅಯೋನೈಸೇಶನ್ ಅಲಾರಂ ಬೇರೆಯೇ ರೀತಿಯಲ್ಲಿ ಕೆಲಸ ಮಾಡುತ್ತದೆ. ಅದರೊಳಗೆ ಅಮೆರಿಸಿಯಂ ಎಂಬ ವಿಕಿರಣ ವಸ್ತುವಿನ ಅತಿ ಸಣ್ಣ ಚೂರು ಇದ್ದು, ಅದರಿಂದ ಗಾಳಿಯಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ ಪ್ರವಾಹಕ್ಕೆ ಹೊಗೆ ಅಡ್ಡಿಪಡಿಸಿದಾಗ ಅದು ಕೂಗುತ್ತದೆ. ಧಗಧಗನೆ ಉರಿಯುವ ಬೆಂಕಿಯ ಕಣ್ಣಿಗೆ ಕಾಣದ ಕಣಗಳಿಗೆ ಅದು ಬೇಗ ಸ್ಪಂದಿಸುತ್ತದೆ. ಫೋಟೋಎಲೆಕ್ಟ್ರಿಕ್ ಅಲಾರಂನೊಳಗಿನ ಕತ್ತಲೆಯ ಗೂಡಿನಲ್ಲಿ ಒಂದು ಸಣ್ಣ ದೀಪವೂ ಅದರ ಬೆಳಕು ನೇರವಾಗಿ ಬೀಳದ ಕಡೆ ಒಂದು ಸಂವೇದಕವೂ ಇರುತ್ತವೆ. ಹೊಗೆ ಒಳನುಗ್ಗಿದಾಗ ಬೆಳಕು ಅದರ ಕಣಗಳಿಗೆ ಬಡಿದು ಚದುರಿ ಸಂವೇದಕದ ಮೇಲೆ ಬೀಳುತ್ತದೆ. ಹಾಸಿಗೆ, ಸೋಫಾ, ವೈರಿನ ಹೊದಿಕೆ ಇವು ಉರಿಯುವುದಕ್ಕಿಂತ ಮೊದಲು ಬಹಳ ಹೊತ್ತು ಒಳಗೊಳಗೇ ಕನಲಿ ದಟ್ಟ ಹೊಗೆ ಬಿಡುತ್ತವೆ, ಮಲಗಿರುವವರ ಮೂಗಿಗೆ ಅದರ ವಾಸನೆ ತಿಳಿಯುವುದಿಲ್ಲ. ಅಂಥ ಹೊಗೆಯನ್ನು ಬೇಗ ಗುರುತಿಸುವುದು ಈ ಬಗೆಯ ಅಲಾರಂ. ಮುಚ್ಚಿದ ಎರಡು ಬಾಗಿಲುಗಳ ಆಚೆ ಕೂಗುವ ಅಲಾರಂ ಗಾಢನಿದ್ರೆಯಲ್ಲಿರುವ ಮಗುವಿಗೆ ಕೇಳಿಸದೆ ಹೋಗಬಹುದಾದ್ದರಿಂದಲೇ ಐದನ್ನೂ ಜೋಡಿಸಬೇಕೆಂಬ ನಿಯಮವಿದೆ.

ಇನ್ನು ಬ್ರ್ಯಾಂಡಿನ ವಿಷಯ. ಒಂದೇ ಕಂಪನಿಯ, ಒಂದೇ ಸರಣಿಯ ಅಲಾರಂಗಳನ್ನು ಒಟ್ಟಿಗೆ ಕೊಳ್ಳಿ. ಹಜಾರದ ಕರೆಂಟಿನ ಅಲಾರಂ ಕೂಡ ಅವುಗಳೊಡನೆ ವೈರ್‌ಲೆಸ್ ಆಗಿ ಮಾತಾಡಬಲ್ಲದ್ದಾಗಿರಲಿ. ಒಂದು ಕಂಪನಿಯ ಅಲಾರಂ ಇನ್ನೊಂದು ಕಂಪನಿಯದರ ಸಂಕೇತವನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಆನ್‌ಲೈನಿನಲ್ಲಿ ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ ಅಗ್ಗವಾಗಿ ತರಿಸಿ ಸೀಲಿಂಗಿಗೆ ಹಾಕಿಸಿ, ಬಾಡಿಗೆದಾರರು ಬರುವ ಹಿಂದಿನ ದಿನ ನನಗೆ ಫೋನು ಮಾಡಿದ ಮಾಲೀಕರಿದ್ದಾರೆ. ಒಂದರ ಬಟನ್ ಒತ್ತಿದೆ. ಮೂರು ಕೂಗಿದವು, ಎರಡು ಸುಮ್ಮನಿದ್ದವು. ಕೊನೆಗೆ ಐದನ್ನೂ ಹೊಸದಾಗಿ ಕೊಳ್ಳಬೇಕಾಯಿತು. ಅದಲ್ಲದೆ, ಮುಂದೆ ಒಂದು ಕೆಟ್ಟರೆ ಅದೇ ಸರಣಿಯದ್ದೇ ಬೇಕಾಗುವುದರಿಂದ, ಇಲ್ಲಿನ ಅಂಗಡಿಗಳಲ್ಲಿ ಸದಾ ಸಿಗುವ ಮಾಲನ್ನೇ ಆರಿಸುವುದು ಜಾಣತನ. ಸೀಲಿಂಗ್ ಎತ್ತರವಾಗಿರುವ ಹಳೆಯ ಮರದ ಮನೆಯಾದರೆ, ನೆಲದಿಂದಲೇ ಪರೀಕ್ಷಿಸಲು ಮತ್ತು ಸದ್ದಡಗಿಸಲು ರಿಮೋಟ್ ಇರುವುದನ್ನು ಕೊಂಡರೆ ಕೊಟ್ಟ ಹಣ ದಂಡವಾಗದು.

ಜಾಗದ ಲೆಕ್ಕವನ್ನು ಜನ ಹಗುರವಾಗಿ ಎಣಿಸುತ್ತಾರೆ. ಗೋಡೆ ಮತ್ತು ಸೀಲಿಂಗ್ ಕೂಡುವ ಮೂಲೆಯಲ್ಲಿ ಗಾಳಿ ಆಡದೆ ಹೊಗೆ ತಡವಾಗಿ ತಲುಪುವುದರಿಂದ ಅಲ್ಲಿಂದ 300 ಮಿಲಿಮೀಟರ್ ದೂರವಿರಬೇಕು. ದೀಪದಿಂದಲೂ 300, ಏ.ಸಿ.ಯ ಗಾಳಿಕಿಂಡಿಯಿಂದ ಮತ್ತು ಫ್ಯಾನಿನ ರೆಕ್ಕೆಯ ತುದಿಯಿಂದ 400 ಮಿಲಿಮೀಟರ್ ಬಿಡಬೇಕು. ಕ್ವೀನ್ಸ್‌ಲ್ಯಾಂಡಿನಲ್ಲಿ ಹೆಚ್ಚುಕಡಿಮೆ ಪ್ರತಿ ಮಲಗುವ ಕೋಣೆಯ ನಡುವೆಯೂ ಫ್ಯಾನ್ ಇರುತ್ತದೆ. ಮೂರು ಮೀಟರ್ ಅಗಲದ ಕೋಣೆಯಲ್ಲಿ 1200 ಮಿಲಿಮೀಟರಿನ ಫ್ಯಾನ್ ಇದ್ದರೆ, ರೆಕ್ಕೆಯ ತುದಿಯಿಂದ ಗೋಡೆಗೆ ಉಳಿಯುವುದು 900. ಅದರಲ್ಲಿ ಆಚೆ 400, ಈಚೆ 300 ಕಳೆದರೆ ಅಲಾರಂಗೆ ದಕ್ಕುವುದು 200 ಮಿಲಿಮೀಟರ್, ಅಂದರೆ ಹತ್ತಿರಹತ್ತಿರ ಒಂದು ಗೇಣು. ಕೋಣೆಯ ಮೂಲೆಗಳ ಕಡೆಗೆ ಓರೆಯಾಗಿ ಅಳೆದರೆ ಇನ್ನಷ್ಟು ಜಾಗ ಸಿಗುತ್ತದೆ. ಟೇಪು ಹಿಡಿದು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳದೆ ಯಾರೂ ಡ್ರಿಲ್ ಎತ್ತಬಾರದು.

ನನ್ನ ಅನುಭವದಲ್ಲಿ ಬಾಡಿಗೆ ಮನೆಯ ಅಲಾರಂ ತಾನಾಗಿ ಕೆಡುವುದಕ್ಕಿಂತ ಜನರ ಕೈಯಿಂದ ಬಾಯಿ ಮುಚ್ಚಿಸಿಕೊಳ್ಳುವುದೇ ಹೆಚ್ಚು. ನಮ್ಮವರೇ ಬಾಡಿಗೆಗಿದ್ದ ಒಂದು ಮನೆಗೆ ಹೋದಾಗ ಅಡುಗೆಮನೆಯ ಬಾಗಿಲ ಎದುರಿಗಿದ್ದ ಅಲಾರಂಗೆ ಸ್ನಾನಕ್ಕೆ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿಯನ್ನು ತೊಡಿಸಿದ್ದರು. ಆ ಮನೆಯ ಯಜಮಾನಿ ಸಂಕೋಚದಿಂದ, "ಏನು ಮಾಡೋದು ಅಣ್ಣಾ, ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ತಕ್ಷಣ ಇಡೀ ಮನೆ ಕೂಗುತ್ತೆ, ಮಗು ಬೆಚ್ಚಿಬೀಳುತ್ತೆ" ಎಂದರು. ಅವರನ್ನು ಗದರಿಸಿ ಪ್ರಯೋಜನವಿರಲಿಲ್ಲ, ಏಕೆಂದರೆ ತಪ್ಪಿದ್ದುದು ಅಲಾರಂ ಇಟ್ಟ ಜಾಗದಲ್ಲಿ. ಮಾಲೀಕರ ಒಪ್ಪಿಗೆ ಪಡೆದು ಹಜಾರದಲ್ಲೇ ಮಲಗುವ ಕೋಣೆಗಳ ಕಡೆಗೆ ಎರಡು ಮೀಟರಿನಷ್ಟು ಸರಿಸಿದೆ. ಒಲೆಯ ಮೇಲಿನ ಹೊಗೆಯೆಳೆಯುವ ಫ್ಯಾನನ್ನು ಎಣ್ಣೆ ಕಾಯುವ ಮೊದಲೇ ಹಾಕಿಕೊಳ್ಳುವಂತೆಯೂ, ಆಗಲೂ ಕೂಗಿದರೆ ಒತ್ತಬೇಕಾದ ಹಷ್ ಬಟನ್ ಯಾವುದೆಂಬುದನ್ನೂ ತೋರಿಸಿದೆ. ಆ ಬಟನ್ ಒತ್ತಿದರೆ ಅಲಾರಂ ಕೆಲವು ನಿಮಿಷ ಸುಮ್ಮನಿದ್ದು ತಾನಾಗಿಯೇ ಮತ್ತೆ ಎಚ್ಚರಗೊಳ್ಳುತ್ತದೆ. ಹಷ್ ಬಟನ್ ಇಲ್ಲದ ಅಲಾರಂ ಅನ್ನು ಬಾಡಿಗೆ ಮನೆಗೆ ನಾನು ಹಾಕುವುದಿಲ್ಲ. ಊದುಬತ್ತಿ, ಸಾಂಬ್ರಾಣಿ ಹಚ್ಚುವವರಿಗೂ, ಬಚ್ಚಲಿನ ಹಬೆ ಹಜಾರಕ್ಕೆ ನುಗ್ಗುವ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನಿರ್ವಹಣೆಯಲ್ಲಿ ಮಾಲೀಕರ ಪಾಲು ಹೀಗಿದೆ: ಪ್ರತಿ ಬಾಡಿಗೆ ಕರಾರು ಆರಂಭವಾಗುವ ಹಿಂದಿನ 30 ದಿನಗಳೊಳಗೆ ಪ್ರತಿಯೊಂದು ಅಲಾರಂ ಅನ್ನೂ ಪರೀಕ್ಷಿಸಿ ಶುಚಿಗೊಳಿಸಬೇಕು. ಅದೇ ಬಾಡಿಗೆದಾರರು ಕರಾರನ್ನು ನವೀಕರಿಸಿದಾಗಲೂ ಇದನ್ನು ಮಾಡಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬಾಡಿಗೆದಾರರು 12 ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಿ ಶುಚಿಗೊಳಿಸಬೇಕು, ಕೆಟ್ಟಿದ್ದರೆ ತಮಗೆ ತಿಳಿಸಬೇಕು, ಅದನ್ನು ಕಳಚುವಂತೆಯಾಗಲಿ ನಿಷ್ಕ್ರಿಯಗೊಳಿಸುವಂತೆಯಾಗಲಿ ಇಲ್ಲ. ಪರೀಕ್ಷೆಗೆ ಪೊರಕೆಯ ಹಿಡಿಯಿಂದ ಬಟನ್ ಒತ್ತಿದರೂ ಸಾಕು. ಆದರೆ ಒಬ್ಬರು ಒತ್ತುವಾಗ ಇನ್ನೊಬ್ಬರು ಅತ್ಯಂತ ದೂರದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿಂತು, ತಮ್ಮ ತಲೆಯ ಮೇಲಿನದೂ ಕೂಗಿತೇ ಎಂದು ಕೇಳಿಸಿಕೊಳ್ಳಬೇಕು. ಒತ್ತಿದ್ದು ಕೂಗಿತು ಎಂಬಷ್ಟರಿಂದ ಜೋಡಣೆ ಸರಿಯಿದೆಯೆಂದು ತಿಳಿಯುವುದಿಲ್ಲ.

ಶುಚಿ ಮಾಡುವುದೆಂದರೆ ವ್ಯಾಕ್ಯೂಮ್ ಕ್ಲೀನರಿಗೆ ಮೆತ್ತನೆಯ ಬ್ರಷ್ ಜೋಡಿಸಿ ಸುತ್ತಲಿನ ಕಿಂಡಿಗಳ ಧೂಳನ್ನು ಎಳೆಯುವುದು, ಅಷ್ಟೇ. ಈ ಸೆಕೆಯ ನಾಡಿನಲ್ಲಿ ಕಿಂಡಿಯೊಳಗೆ ಜೇಡ ಗೂಡು ಕಟ್ಟುತ್ತದೆ, ಸಣ್ಣ ಹುಳುಗಳು ಸೇರಿಕೊಳ್ಳುತ್ತವೆ. ಬೆಳಕಿನ ಗೂಡಿನಲ್ಲಿ ಓಡಾಡುವ ಒಂದು ಹುಳು ಸಾಕು, ಅಲಾರಂ ಅದನ್ನೇ ಹೊಗೆಯೆಂದು ತಿಳಿಯಲು. ಕಾರಣವಿಲ್ಲದೆ ಮಧ್ಯರಾತ್ರಿ ಕೂಗುತ್ತದೆಂದು ಕರೆಸಿದ ಮನೆಗಳಲ್ಲಿ ನಾನು ಕಿಂಡಿಯಿಂದ ಉದುರಿಸಿದ ಸತ್ತ ಹುಳುಗಳು ಅಂಗೈ ತುಂಬಿದ್ದುಂಟು. ಹಾಗೆಂದು ಅಲಾರಂ ಮೇಲೆ ಕೀಟನಾಶಕ ಸಿಂಪಡಿಸಬಾರದು, ಮನೆಗೆ ಬಣ್ಣ ಹೊಡೆಯುವಾಗ ಅದರ ಮೇಲೂ ಬಣ್ಣ ಎಳೆಯಬಾರದು. ಕಿಂಡಿ ಮುಚ್ಚಿದ ಅಲಾರಂ ಬಟನ್ ಒತ್ತಿದರೆ ಕೂಗುತ್ತದೆ, ಹೊಗೆ ಬಂದರೆ ಕೂಗದು.

ಹತ್ತು ವರ್ಷದ ಅಲಾರಂ ಅವಧಿಗೆ ಮೊದಲೇ ಆಗೊಮ್ಮೆ ಈಗೊಮ್ಮೆ ಕಿಚ್ ಎನ್ನತೊಡಗಿದರೆ, ಬ್ಯಾಟರಿ ಇಳಿದಿದೆ ಅಥವಾ ಒಳಗೆ ದೋಷವಿದೆ ಎಂದರ್ಥ. ಮತ್ತೆಮತ್ತೆ ಸುಳ್ಳು ಕೂಗು ಕೂಗಿದ ಅಲಾರಂಗಳ ಬ್ಯಾಟರಿ ಬೇಗ ಬಳಲುತ್ತದೆ. ರಾತ್ರಿಯ ತಂಪಿಗೆ ಬ್ಯಾಟರಿಯ ಶಕ್ತಿ ಇನ್ನಷ್ಟು ಕುಗ್ಗುವುದರಿಂದ ಈ ಸದ್ದು ಹೆಚ್ಚಾಗಿ ಬೆಳಗಿನ ಜಾವದಲ್ಲೇ ಶುರುವಾಗುತ್ತದೆ. ಬಿಚ್ಚಿ ಬ್ಯಾಟರಿ ಬದಲಿಸಲು ಅದರಲ್ಲಿ ಬಾಗಿಲೇ ಇಲ್ಲ. ಇಡೀ ಅಲಾರಂ ಬದಲಾಗಬೇಕು, ವಾರಂಟಿಯೊಳಗಿದ್ದರೆ ಕಂಪನಿಯನ್ನು ಕೇಳಬೇಕು. ನಿದ್ದೆಗೆಟ್ಟ ಬಾಡಿಗೆದಾರರು ಅದನ್ನು ತಿರುಗಿಸಿ ಕಳಚಿ ಡ್ರಾಯರಿನಲ್ಲಿಟ್ಟರೆ ಆ ಕೋಣೆಗೆ ರಕ್ಷಣೆಯಿಲ್ಲ. ಹಾಗಾಗಿ ಮನೆ ಒಪ್ಪಿಸುವ ದಿನವೇ "ಸದ್ದು ಬಂದರೆ ಎಷ್ಟು ಹೊತ್ತಾಗಿದ್ದರೂ ನನಗೆ ಮೆಸೇಜ್ ಮಾಡಿ, ಮರುದಿನವೇ ಬದಲಾಯಿಸುತ್ತೇನೆ" ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಬಾಡಿಗೆದಾರರಲ್ಲಿ ಕಿವಿ ಕೇಳಿಸದವರಿದ್ದರೆ ಮಿನುಗುವ ದೀಪ ಮತ್ತು ದಿಂಬಿನಡಿ ಅದುರುವ ಪಟ್ಟಿ ಇರುವ ಅಲಾರಂಗಳೂ ಸಿಗುತ್ತವೆ. ಅದನ್ನು ಅವರು ಬರುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಹಾಕಿಸಿದ ದಿನ ಪ್ರತಿ ಅಲಾರಂನ ಬೆನ್ನಿನ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಕೋಣೆಯದು, ಯಾವಾಗ ತಯಾರಾದದ್ದು, ಪ್ರತಿ ಬಾರಿ ಯಾವ ದಿನ ಪರೀಕ್ಷಿಸಿದ್ದು ಎಂದು ಒಂದು ಹಾಳೆಯಲ್ಲಿ ಬರೆದು ಕರಾರಿನ ಕಾಗದಗಳ ಜೊತೆಗಿಡಿ. ಮನೆಯನ್ನು ಏಜೆಂಟರ ಕೈಗೆ ಒಪ್ಪಿಸುವುದಾದರೆ, ನವೀಕರಣದ ಮುಂಚಿನ 30 ದಿನಗಳ ಪರೀಕ್ಷೆಯನ್ನು ಯಾರು ಮಾಡುತ್ತಾರೆ, ಅದರ ವರದಿ ತಮಗೆ ಬರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಡಿಗೆದಾರರು ಬರುವ ದಿನಕ್ಕೆ ಕನಿಷ್ಠ ಎರಡು ವಾರ ಮೊದಲೇ ಇಲೆಕ್ಟ್ರಿಷಿಯನ್‌ರನ್ನು ಗೊತ್ತುಮಾಡಿ, ಹಜಾರದ ಕರೆಂಟಿನ ಅಲಾರಂ ಜೊತೆ ಉಳಿದ ನಾಲ್ಕೂ ಕೂಗುವುದನ್ನು ತಮ್ಮ ಕಿವಿಯಿಂದಲೇ ಕೇಳಿದ ಮೇಲೆ ಅವರನ್ನು ಕಳಿಸಿಕೊಡಿ.