ಶಟರ್ ಅರ್ಧ ಇಳಿದ ಮೇಲೆ ಬರುವ ಗಿರಾಕಿ

ಪ್ರಶ್ನೆ: ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಬಂದ್. ಆದರೆ ಮದುವೆ ಸೀಸನ್‌ನಲ್ಲಿ ಒಂಬತ್ತಾದ ಮೇಲೂ ಜನ ಬರುತ್ತಾರೆ. ಸಾಹುಕಾರರು ಯಾರನ್ನೂ ವಾಪಸ್ ಕಳಿಸುವುದಿಲ್ಲ. ರಾಶಿ ಸೀರೆ ಬಿಚ್ಚಿಸಿ ಒಂದೂ ತೆಗೆದುಕೊಳ್ಳದೆ ಹೋಗುವವರೂ ಇದ್ದಾರೆ. ಎಲ್ಲ ಮಡಚಿಟ್ಟು ಹೊರಡುವಷ್ಟರಲ್ಲಿ ನಮ್ಮೂರಿನ ಕೊನೆ ಬಸ್ ಹೋಗಿರುತ್ತದೆ. ಮನೆಯಲ್ಲಿ ನಾಲ್ಕು ವರ್ಷದ ಮಗ ಕಾಯುತ್ತಿರುತ್ತಾನೆ. ಹೋದ ವಾರ ಹೀಗೆ ತಡವಾಗಿ ಬಂದ ಒಬ್ಬರಿಗೆ 'ಇಷ್ಟೊತ್ತಿಗಾ ಬರೋದು? ನಮಗೆ ಮನೆ ಇಲ್ವಾ?' ಅಂದುಬಿಟ್ಟೆ. ಅವರು ಅಲ್ಲೇ ಅತ್ತರು. ಜಗಳೂರು ಕಡೆಯಿಂದ ಬರುವಾಗ ಟೆಂಪೋ ಕೆಟ್ಟು ದಾರಿಯಲ್ಲೇ ನಿಂತಿದ್ದರಂತೆ. ಸಾಹುಕಾರರು ಎಲ್ಲರೆದುರು ನನಗೆ ಬೈದರು. ಕೆಲಸ ಬಿಟ್ಟುಬಿಡೋಣ ಅನಿಸುತ್ತಿದೆ. ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪಾ?
ಹೆಸರು ಬೇಡ, ದಾವಣಗೆರೆ

ಉತ್ತರ: ಮಾತು ಒರಟಾಯಿತು, ಅಷ್ಟೇ. ಆ ಹೆಂಗಸು ಅತ್ತದ್ದು ನಿಮ್ಮೊಬ್ಬರ ಮಾತಿಗಲ್ಲ ಅಂತ ನನ್ನ ಊಹೆ. ಸಂಜೆಯಿಡೀ ರಸ್ತೆ ಬದಿ ನಿಂತು, ಮನೆಯವರ ಗೊಣಗಾಟ ಕೇಳಿ, ಕಡೆಗೆ ಅಂಗಡಿ ಸೇರಿದವರು ಅವರು. ಮದುವೆ ಜವಳಿ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ, ಒಂದು ಬದಲಾಯಿಸಲೋ, ಬೀಗರಿಗೆ ಇನ್ನೊಂದು ತೆಗೆಯಲೋ ಮತ್ತೆ ಬರಬಹುದು. ಬಂದರೆ ನೀವೇ ಮುಂದೆ ಹೋಗಿ, 'ಅವತ್ತು ತುಂಬಾ ಸುಸ್ತಾಗಿತ್ತು ಅಕ್ಕಾ, ಬೇಜಾರ್ ಮಾಡ್ಕೋಬೇಡಿ' ಅನ್ನಿ. ಬರದಿದ್ದರೆ ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಕೂರಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಹತ್ತರಿಂದ ಒಂಬತ್ತು ಅಂದರೆ 11 ಗಂಟೆ. ಊಟಕ್ಕೆ ಒಂದು ಗಂಟೆ ಬಿಟ್ಟರೂ 10 ಆಯಿತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದ್ದು. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10 ದಾಟುವ ಹಾಗಿಲ್ಲ, ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ಕೊಡಬೇಕು. ಅಂದರೆ ಆ ಟೆಂಪೋದವರು ಮೆಟ್ಟಿಲು ಹತ್ತುವ ಮೊದಲೇ ನಿಮ್ಮ ದಿನ ಮುಗಿದಿತ್ತು. ಅಲ್ಲಿಂದ ಮುಂದಿನ ಹೊತ್ತನ್ನು ಸಾಹುಕಾರರು ಗಿರಾಕಿಗೆ ಧಾರಾಳವಾಗಿ ಕೊಡುತ್ತಿದ್ದಾರೆ. ಆದರೆ ಅದು ಅವರದ್ದಲ್ಲ, ನಿಮ್ಮದು. ಸಿಟ್ಟು ಬಂದದ್ದು ಸರಿಯೇ, ಆದರೆ ಅದು ಗಿರಾಕಿಯ ಮೇಲೆ ಹೋಯಿತು.

ಆ ಸಿಟ್ಟಿನಲ್ಲಿ ಅರ್ಧ ಪಾಲು ಕಾಲುನೋವಿನದ್ದೂ ಇರಬೇಕು. ಕೂರಲು ಒಂದು ಸ್ಟೂಲ್ ಇದೆಯಾ ಅಂತ ನೀವು ಬರೆದಿಲ್ಲ. ಕೇರಳದಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿಯೇ ಹೋರಾಡಿ, 2018ರಲ್ಲಿ ಕಾನೂನನ್ನೇ ಬದಲಿಸಿಕೊಂಡರು. 2021ರಲ್ಲಿ ತಮಿಳುನಾಡೂ ಅದನ್ನು ತಂದಿತು. ಸಾಹುಕಾರರ ಹತ್ತಿರ ಮಾತಾಡುವಾಗ ಸ್ಟೂಲಿನ ಮಾತನ್ನೂ ಸೇರಿಸಿ.

ಈಗ ಸಾಹುಕಾರರ ಕಡೆಯಿಂದಲೂ ನೋಡೋಣ. ನಿಮ್ಮ ಚೌಕಿಪೇಟೆ ಇರಲಿ, ಬೆಂಗಳೂರಿನ ಚಿಕ್ಕಪೇಟೆ ಇರಲಿ, ಸೀರೆ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಇಲ್ಲಿ ಬೇಡ ಅಂದರೆ ಪಕ್ಕದವನು ಕರೆದು ಕೂರಿಸುತ್ತಾನೆ. ಊರಿಂದ ಗಾಡಿ ಮಾಡಿಕೊಂಡು ಜವಳಿಗೆ ಬಂದವರು ಬರಿಗೈಲಿ ವಾಪಸ್ ಹೋಗುವುದು ಕಮ್ಮಿ. ಹಾಗಾಗಿ 'ಒಂಬತ್ತಾದ ಮೇಲೆ ಯಾರನ್ನೂ ಬಿಡಬೇಡಿ' ಅಂತ ಕೇಳಿದರೆ ಅವರು ಒಪ್ಪುವುದಿಲ್ಲ. ಅವರ ಜಾಗದಲ್ಲಿ ಕೂತಿದ್ದರೆ ನಾನೂ ಒಪ್ಪುತ್ತಿರಲಿಲ್ಲವೇನೋ. ಗಿರಾಕಿ ಬರಲಿ, ಆದರೆ ಪ್ರತಿ ಸಲ ನಾವೆಲ್ಲ ಯಾಕೆ ನಿಲ್ಲಬೇಕು ಅಂತ ಕೇಳಿ. ಸೀಸನ್‌ನಲ್ಲಿ ದಿನಕ್ಕೆ ಇಬ್ಬರು ಪಾಳಿ ಮೇಲೆ ನಿಂತರೆ ಸಾಕಲ್ವಾ? ಹಾಗೆ ನಿಲ್ಲುವವರು ಅವತ್ತು ಬೆಳಿಗ್ಗೆ ಹನ್ನೆರಡಕ್ಕೆ ಬರಲಿ. ಊರೊಳಗೇ ಮನೆ ಇರುವವರಿಗೆ, ಗಾಡಿ ಇರುವವರಿಗೆ ಇದು ಅಷ್ಟು ಕಷ್ಟವಲ್ಲ. ನಿಮ್ಮ ಪಾಳಿ ಬಂದ ದಿನ ಮನೆಗೆ ಹೋಗುವ ಆಟೋ ದುಡ್ಡು ಅಂಗಡಿಯದ್ದು.

ಇನ್ನು ಮಡಚುವ ಕೆಲಸ. ತಡವಾಗುವುದು ತೋರಿಸುವುದಕ್ಕಿಂತ ಮಡಚುವುದರಲ್ಲಿ. ರೇಷ್ಮೆ, ಜರಿ ಸೀರೆ ಮಾತ್ರ ಅದೇ ರಾತ್ರಿ ಮಡಚಿಡಿ, ಸುಕ್ಕಾದರೆ ಮಾಲು ಕೆಡುತ್ತದೆ. ಸಿಂಥೆಟಿಕ್, ಕಾಟನ್ ಎಲ್ಲ ಗಾದಿ ಮೇಲೇ ಇರಲಿ, ಮೇಲೊಂದು ಬಟ್ಟೆ ಹೊದಿಸಿ ಹೊರಡಿ. ಹತ್ತರಿಂದ ಹನ್ನೊಂದರ ತನಕ ಹೇಗೂ ಅಂಗಡಿಯಲ್ಲಿ ಜನ ಇರುವುದಿಲ್ಲ, ಆಗ ಮಡಚಬಹುದು. ಸಾಹುಕಾರರಿಗೆ ಇದರಿಂದ ಒಂದು ರೂಪಾಯಿ ಖರ್ಚಿಲ್ಲ. ಮೊದಲು ಇದನ್ನೇ ಕೇಳಿ.

ಕೇಳುವುದಕ್ಕೂ ಹೊತ್ತು ನೋಡಿ. ರಾತ್ರಿ ಗಲ್ಲಾ ಲೆಕ್ಕ ನಡೆಯುವಾಗ ಬೇಡ. ಬೆಳಿಗ್ಗೆ ಬೋಣಿ ಆಗುವ ಮುಂಚೆ ದುಡ್ಡಿನ ಮಾತು ತೆಗೆದರಂತೂ ಮುಗೀತು! ಮಧ್ಯಾಹ್ನ ಮೂರರ ಸುಮಾರಿಗೆ, ಅವರು ಉಂಡು ಆರಾಮಾಗಿ ಕೂತಾಗ ಹೋಗಿ. ಒಬ್ಬರೇ ಹೋಗಬೇಡಿ, ಬಸ್ಸಿಗೆ ಓಡುವ ಇನ್ನೊಬ್ಬಿಬ್ಬರು ನಿಮ್ಮ ಅಂಗಡಿಯಲ್ಲಿ ಇದ್ದೇ ಇರುತ್ತಾರೆ.

ಕಾನೂನಿನ ಮಾತು ಮೊದಲೇ ಎತ್ತಬೇಡಿ, ಆದರೆ ಗೊತ್ತಿರಲಿ. ಸರ್ಕಾರ ನಿಗದಿ ಮಾಡಿದ ಮುಚ್ಚುವ ಹೊತ್ತಿಗೆ ಒಳಗೆ ಇದ್ದ ಗಿರಾಕಿಯ ವ್ಯಾಪಾರ ಮುಗಿಸಲು ಆ 1961ರ ಕಾಯಿದೆ ಕೊಡುವುದೇ ಕಾಲು ಗಂಟೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು ದಿನವಿಡೀ ತೆರೆದಿರಬಹುದು ಅಂತ 2021ರ ಜನವರಿಯಲ್ಲಿ ಆದೇಶ ಬಂದಾಗಲೂ, ಹೆಣ್ಣುಮಕ್ಕಳನ್ನು ರಾತ್ರಿ 8ರ ನಂತರ ಇರಿಸಿಕೊಳ್ಳಲು ಅವರ ಲಿಖಿತ ಒಪ್ಪಿಗೆ ಬೇಕು, ಅವರಿಗೆ ರಕ್ಷಣೆ ಕೊಡಬೇಕು ಅನ್ನುವ ಷರತ್ತು ಅದರಲ್ಲಿತ್ತು. ನೀವು ಎಲ್ಲಾದರೂ ಸಹಿ ಹಾಕಿದ್ದೀರಾ? ನೆನಪು ಮಾಡಿಕೊಳ್ಳಿ. ಮಾತಿಗೆ ಬಗ್ಗದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರ ಹತ್ತಿರ ಹೋಗಬಹುದು. ಹಾಗೆ ಹೋದ ಮೇಲೆ ಅದೇ ಅಂಗಡಿಯಲ್ಲಿ ನೆಮ್ಮದಿಯಿಂದ ಇರುವುದು ಕಷ್ಟ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದಕ್ಕೇ ಕೊನೆಗೆ ಅಂದೆ.

ಇನ್ನು ಗಿರಾಕಿಗಳು. ಔಷಧಿ ಅಂಗಡಿಯಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು, ಅಲ್ಲಿ ಶಟರ್ ಬಡಿದರೆ ತೆಗೆಯಲೇಬೇಕು. ಸೀರೆಗೆ ಅಂಥ ಅವಸರ ಇಲ್ಲ. ಆದರೂ ಊರಿಂದ ಜವಳಿಗೆ ಬಂದವರು ಬೇರೆ, ಊಟ ಮುಗಿಸಿ ಸುಮ್ನೆ ಸುತ್ತಾಡುತ್ತಾ ಒಳಗೆ ಬರುವವರು ಬೇರೆ. ಮೆಟ್ಟಿಲು ಹತ್ತುವಾಗಲೇ ನಿಮಗೆ ಗೊತ್ತಾಗುತ್ತದೆ. ಜವಳಿಯವರಿಗೆ ಮೊದಲೇ ಹೇಳಿಬಿಡಿ: 'ಬನ್ನಿ ಅಕ್ಕಾ. ಒಂಬತ್ತೂಕಾಲಿಗೆ ಬಿಲ್ಲಿಂಗ್ ಬಂದ್ ಆಗುತ್ತೆ. ಎಂಥದ್ದು ಬೇಕು, ಎಷ್ಟರೊಳಗೆ ಬೇಕು ಹೇಳಿ, ಅದನ್ನೇ ತೆಗೀತೀನಿ.' ರೇಟು ಮೊದಲೇ ಗೊತ್ತಾದರೆ ಅರ್ಧ ಕಪಾಟು ಮುಟ್ಟುವುದೇ ಬೇಡ. ಮದುಮಗಳ ಸೀರೆ ಅವತ್ತು ಮುಗಿಯಲಿ. ಹಂಚುವ ಸೀರೆಗಳ ಫೋಟೋ ವಾಟ್ಸಾಪ್‌ಗೆ ಕಳಿಸಿ. ಆರಿಸಿದ್ದನ್ನು ಅಡ್ವಾನ್ಸ್ ತೆಗೆದುಕೊಂಡು ಅವರ ಹೆಸರು ಬರೆದು ಎತ್ತಿಡಿ.

ಸುಮ್ನೆ ಬಂದವರಿಗೆ ಇನ್ನೊಂದು ಮಾತಿದೆ. 'ಈ ಲೈಟಲ್ಲಿ ಬಣ್ಣ ಸರಿಯಾಗಿ ಗೊತ್ತಾಗಲ್ಲ ಮೇಡಂ, ನಾಳೆ ಹಗಲಲ್ಲಿ ಬನ್ನಿ, ಬಾಗಿಲ ಹತ್ತಿರ ಬೆಳಕಲ್ಲಿ ತೋರಿಸ್ತೀನಿ.' ಇದು ಸುಳ್ಳೂ ಅಲ್ಲ. ಅಂಗಡಿ ಲೈಟಿನಲ್ಲಿ ಮೆರೂನ್ ಅಂದುಕೊಂಡು ಒಯ್ದದ್ದು ಮನೆಗೆ ಹೋದ ಮೇಲೆ ಬೇರೆಯೇ ಬಣ್ಣವಾಗಿ, ಬೆಳಿಗ್ಗೆ ಬದಲಾಯಿಸಲು ಬರುವವರನ್ನು ನೀವು ನನಗಿಂತ ಜಾಸ್ತಿ ನೋಡಿರುತ್ತೀರಿ. ಕೊನೆ ಬಸ್ಸಿನ ವಿಷಯವನ್ನೂ ಮುಚ್ಚಿಡಬೇಕಾಗಿಲ್ಲ. ಶುರುವಿನಲ್ಲೇ ನಗುತ್ತಾ ಹೇಳಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ಒಂದು ತಾಸು ಸಹಿಸಿಕೊಂಡು ಆಮೇಲೆ ಹೇಳಹೊರಟರೆ ಅದು ಬೈಗುಳವಾಗಿಯೇ ಬಾಯಿಂದ ಬರುತ್ತದೆ.

ಕೆಲಸ ಬಿಡುವುದು ಈಗ ಬೇಡ. ಬೈಸಿಕೊಂಡ ವಾರದಲ್ಲಿ ಬಿಟ್ಟರೆ ಬರಬೇಕಾದ ಕಮಿಷನ್ ವಸೂಲಿಗೂ ಮುಖ ಸಣ್ಣದು ಮಾಡಿಕೊಂಡು ಹೋಗಬೇಕಾಗುತ್ತದೆ. ಸೀಸನ್ ಮುಗಿಸಿ, ಲೆಕ್ಕ ಚುಕ್ತಾ ಮಾಡಿಸಿಕೊಳ್ಳಿ. ಅಷ್ಟರಲ್ಲಿ ಪಾಳಿ, ಆಟೋ ದುಡ್ಡು, ಮಡಚುವುದು ಈ ಮೂರರಲ್ಲಿ ಒಂದಾದರೂ ಬದಲಾದರೆ ಇರಿ. ಏನೂ ಆಗದಿದ್ದರೆ ಆಷಾಢದಲ್ಲಿ ಬೇರೆ ಅಂಗಡಿ ಹುಡುಕಿ. ಕೆಲಸ ಬಲ್ಲ ಹುಡುಗಿಯರನ್ನು ಶ್ರಾವಣಕ್ಕೆ ಮೊದಲು ಎಲ್ಲರೂ ಹುಡುಕುತ್ತಿರುತ್ತಾರೆ. ಸೇರುವ ಮುಂಚೆ ಅಲ್ಲಿಯವರು ಹೇಳುವ ಟೈಮನ್ನು ನಂಬಬೇಡಿ. ಒಂದು ರಾತ್ರಿ ಒಂಬತ್ತೂವರೆಗೆ ಆ ಅಂಗಡಿ ಮುಂದೆ ಹಾದುಹೋಗಿ, ಒಳಗೆ ಎಷ್ಟು ಹೆಣ್ಣುಮಕ್ಕಳು ಇನ್ನೂ ಸೀರೆ ಮಡಚುತ್ತಿದ್ದಾರೆ ಎಣಿಸಿಕೊಂಡು ಬನ್ನಿ.