ಓದುಗರ ಪ್ರಶ್ನೆ: ಕಡಲ ಮಗ್ಗುಲಿನ ತೊಟ್ಲಕೊಂಡ

ಪ್ರಶ್ನೆ: ವಿಶಾಖಪಟ್ಟಣದ ಹತ್ತಿರ ಸಮುದ್ರದ ಪಕ್ಕದ ಗುಡ್ಡದಲ್ಲಿ ಹಳೆಯ ಬೌದ್ಧ ವಿಹಾರ ಇದೆಯಂತೆ. ನಾವು ನಾಲ್ವರು, ಅಮ್ಮನಿಗೆ ಮಂಡಿನೋವು. ಹೋಗುವುದು ಹೇಗೆ, ಯಾವಾಗ?
– ಓದುಗರು, ಬದಿಯಡ್ಕ

ಉತ್ತರ: ನೀವು ಕೇಳಿದ್ದು ತೊಟ್ಲಕೊಂಡ. ಭೀಮುನಿಪಟ್ಟಣಕ್ಕೆ ಹೋಗುವ ಬೀಚ್ ರೋಡಿನಲ್ಲಿ, ವಿಶಾಖಪಟ್ಟಣದಿಂದ ಸುಮಾರು 15 ಕಿ.ಮೀ. ಎತ್ತರ 128 ಮೀಟರಿನಷ್ಟೇ, ಮೇಲಿನವರೆಗೂ ವಾಹನ ಹೋಗುತ್ತದೆ. ಅಮ್ಮನವರನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ.

ಕಾಸರಗೋಡಿನಿಂದ ಚೆನ್ನೈ ಸೆಂಟ್ರಲ್, ಅಲ್ಲಿ ಹೌರಾ ದಾರಿಯ ರೈಲು. ಟಿಕೆಟ್ ಮಾಡಿಸುವಾಗ ಇಳಿಯುವ ನಿಲ್ದಾಣದ ಹೆಸರು ನೋಡಿಕೊಳ್ಳಿ. ವಿಶಾಖಪಟ್ಟಣ ನಿಲ್ದಾಣದೊಳಗೆ ಬಂದ ರೈಲು ಮುಂದೆ ಹೋಗಲು ಇಂಜಿನ್ ಹಿಂದುಮುಂದು ಮಾಡಬೇಕು. ಆ ಹೊತ್ತು ಉಳಿಸಲೆಂದು ಕೆಲವು ರೈಲುಗಳು ಒಳಗೆ ಬಾರದೆ ದುವ್ವಾಡದಿಂದಲೇ ಹೊರಟುಬಿಡುತ್ತವೆ. ದುವ್ವಾಡ ಊರಿನ ಪಶ್ಚಿಮಕ್ಕೆ, ಗುಡ್ಡ ಈಶಾನ್ಯಕ್ಕೆ. ಅಲ್ಲಿ ಇಳಿದರೆ ಇಡೀ ನಗರ ದಾಟಬೇಕು.

ಭೀಮುನಿಪಟ್ಟಣದ ಬಸ್ಸು ಹತ್ತುವ ಮೊದಲು ‘ಬೀಚ್ ರೋಡ್ ಮೇಲೆ ಹೋಗುತ್ತದಾ’ ಎಂದು ಕೇಳಿ. ಹೆದ್ದಾರಿಯಲ್ಲಿ ಹೋಗುವ ಬಸ್ಸೂ ಇದೆ. ಬೀಚ್ ರೋಡಿನ ಬಸ್ಸು ಕೂಡ ಬುಡದಲ್ಲೇ ಇಳಿಸುತ್ತದೆ. ಮಂಡಿನೋವಿದ್ದವರಿಗೆ ಅದು ಬೇಡ. ನಗರದಿಂದಲೇ ಆಟೊ ಅಥವಾ ಕಾರು ಮಾಡಿ, ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಮೊದಲೇ ಮಾತಾಡಿ. ಬಿಟ್ಟು ಕಳಿಸಿದರೆ ಮೇಲಿನಿಂದ ವಾಪಸು ಬರಲು ಗಾಡಿ ಸಿಗುತ್ತದೆಂದು ನೆಚ್ಚುವಂತಿಲ್ಲ.

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯದು. ಅಕ್ಟೋಬರ್–ನವೆಂಬರ್ ಆ ಕರಾವಳಿಗೆ ಚಂಡಮಾರುತದ ತಿಂಗಳುಗಳು. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಅಪ್ಪಳಿಸಿದ್ದು ಅಲ್ಲಿಗೇ. 2019ರ ಅಕ್ಟೋಬರಿನಲ್ಲಿ ಭಾರೀ ಮಳೆಗೆ ಮಹಾಸ್ತೂಪದ ಒಂದು ಭಾಗವೇ ಕುಸಿಯಿತು. ಆದ್ದರಿಂದ ಮಳೆ ಬಿದ್ದ ಮರುದಿನ ಇಟ್ಟಿಗೆ ಗೋಡೆಗೆ ಒರಗಬೇಡಿ, ಮಕ್ಕಳನ್ನು ಹತ್ತಲು ಬಿಡಬೇಡಿ. ಅವಶೇಷಗಳೆಲ್ಲ ಬಯಲಲ್ಲಿವೆ, ಬಿಸಿಲು ನೆತ್ತಿಗೇ. ಬೆಳಿಗ್ಗೆ ಬೇಗ ಹೋಗಿ. ತಲೆಗೊಂದು ಬಟ್ಟೆ, ಒಬ್ಬರಿಗೆ ಒಂದು ಲೀಟರ್ ನೀರು ಜೊತೆಗಿರಲಿ.

ಪ್ರಶ್ನೆ: ಅಲ್ಲಿ ಭಿಕ್ಷುಗಳು ಇದ್ದಾರೆಯೆ? ಪೂಜೆ ಇದೆಯೆ? ಏನು ನೋಡಬೇಕು?
– ಓದುಗರು, ಮಡಕಶಿರಾ

ಉತ್ತರ: ಈಗ ಯಾರೂ ವಾಸವಿಲ್ಲ. ಸುಮಾರು ಕ್ರಿ.ಪೂ. 2ನೇ ಶತಮಾನದಿಂದ ಕ್ರಿ.ಶ. 2ನೇ ಶತಮಾನದವರೆಗೆ ತುಂಬಿ ತುಳುಕಿದ ವಿಹಾರ ಅದು. ನೌಕಾಪಡೆಯ ವೈಮಾನಿಕ ಸಮೀಕ್ಷೆಯಲ್ಲಿ ಕಣ್ಣಿಗೆ ಬಿದ್ದು, 1988ರಿಂದ 1993ರವರೆಗೆ ರಾಜ್ಯ ಪುರಾತತ್ತ್ವ ಇಲಾಖೆಯವರು ಅಗೆದು ತೆಗೆದರು.

ಹೆಚ್ಚಿನವರು ನೇರ ಸ್ತೂಪಕ್ಕೆ ಹೋಗಿ, ಕಡಲಿನ ಫೋಟೊ ತೆಗೆದು ಇಳಿಯುತ್ತಾರೆ. ನೀವು ಮೊದಲು ತೊಟ್ಟಿಗಳ ಹತ್ತಿರ ಹೋಗಿ. ಗುಡ್ಡಕ್ಕೆ ಹೆಸರು ಕೊಟ್ಟಿದ್ದೇ ಅವು; ತೆಲುಗಿನ ತೊಟ್ಟಿಯೂ ನಮ್ಮ ತೊಟ್ಟಿಯೂ ಒಂದೇ. ಕಣ್ಣೆದುರು ಕೊನೆಯಿಲ್ಲದ ನೀರು, ಕುಡಿಯಲು ಒಂದು ಹನಿಯೂ ಆಗದು. ಅಷ್ಟು ಭಿಕ್ಷುಗಳು ಬದುಕಬೇಕಾದರೆ ಮಳೆಯನ್ನೇ ಹಿಡಿದಿಡಬೇಕಿತ್ತು. ಅದಕ್ಕೇ ಬಂಡೆಯಲ್ಲಿ ಕೊರೆದ 11 ತೊಟ್ಟಿಗಳು. ಅವುಗಳ ಅಂಚಿನಲ್ಲಿ ನಿಂತರೆ ಅಡುಗೆಮನೆ, ಊಟದ ಮನೆ, ಸಾಲು ಕೋಣೆಗಳು ಎಲ್ಲದಕ್ಕೂ ಅರ್ಥ ಬರುತ್ತದೆ. ಅಡಿಪಾಯ ಹಾಕಿದಂತೆ ಬುಡಗಳಷ್ಟೇ ಉಳಿದ ಕೋಣೆಗಳು 72. ಒಂದರ ಬಾಗಿಲಿನ ಜಾಗದಲ್ಲಿ ನಿಂತು ನೋಡಿ: ಮಲಗಲು, ಕೂರಲು ಸಾಕು, ಗಂಟು ಕಟ್ಟಿಡಲು ಜಾಗವಿಲ್ಲ.

ಸಭಾಂಗಣದ ಕಂಬದ ಬುಡಗಳನ್ನೂ ಕಮಾನಿನ ಬೆನ್ನಿನಂತೆ ಒಂದು ತುದಿ ದುಂಡಾದ ಚೈತ್ಯಗೃಹಗಳನ್ನೂ (ಪ್ರಾರ್ಥನೆಯ ಮನೆಗಳನ್ನೂ) ಬಿಡಬೇಡಿ. ಬುದ್ಧನ ವಿಗ್ರಹ ಹುಡುಕಿ ನಿರಾಶರಾಗಬೇಡಿ. ಆ ಕಾಲದಲ್ಲಿ ಅಲ್ಲಿದ್ದ ಹೀನಯಾನ ಪಂಥದ ಬೌದ್ಧರು ಪಾದದ ಗುರುತಿಗೆ, ಸ್ತೂಪಕ್ಕೆ ನಮಿಸುತ್ತಿದ್ದರು. ಸಾತವಾಹನರ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ, ಕಡಲ ವ್ಯಾಪಾರಿಗಳ ದಾನದ ಕೈ ಈ ಗುಡ್ಡಕ್ಕೂ ತಲುಪಿತ್ತು. ಸ್ತೂಪವನ್ನು ಬಲಗಡೆ ಇಟ್ಟುಕೊಂಡು ಸುತ್ತುಬನ್ನಿ, ಮೇಲೆ ಹತ್ತಬೇಡಿ. ಪೂಜೆ ನಡೆಯದಿದ್ದರೂ ಬೌದ್ಧರಿಗೆ ಅದು ಪವಿತ್ರ ಜಾಗ.

ಪ್ರಶ್ನೆ: ಅಷ್ಟು ದೂರ ಹೋಗಲಾಗದವರಿಗೆ?
– ಓದುಗರು, ಮಂಜೇಶ್ವರ

ಉತ್ತರ: ನಿಮಗೆ ಮಂಗಳೂರಿನ ಕದ್ರಿ ಹತ್ತಿರ. ಈಗ ಮಂಜುನಾಥನ ದೇವಸ್ಥಾನವಿರುವ ಆ ಗುಡ್ಡ ಒಂದು ಕಾಲಕ್ಕೆ ಕದರಿಕಾ ವಿಹಾರ. ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಬೌದ್ಧರ ಬೋಧಿಸತ್ವ ಲೋಕೇಶ್ವರನನ್ನು ಸ್ಥಾಪಿಸಿದನೆಂದು ಕಂಚಿನ ವಿಗ್ರಹದ ಪೀಠದ ಮೇಲೇ ಬರೆದಿದೆ. ಮೂರು ಮುಖ, ಆರು ಕೈ. ದೇವಸ್ಥಾನದ ಒಳಗೇ ಇದೆ. ಮಂಜುನಾಥನ ದರ್ಶನ ಮುಗಿಸಿದವರು ಎಷ್ಟೋ ಸಲ ಅದರ ಮುಂದೆ ನಿಲ್ಲದೆ ಬಂದುಬಿಡುತ್ತಾರೆ. ಅರ್ಚಕರನ್ನು ಕೇಳಿ, ತೋರಿಸುತ್ತಾರೆ.